ಕಸ್ತೂರಿಗೆ ನಾನಿಟ್ಟ ಹೆಸರು

ಪಲ್ಲವಿ, ಸುರಪುರ ತಾಲ್ಲೂಕಿನ ಶಾಲೆಗೆ ನಿನಗೆ ನೇಮಕಾತಿ ಆದೇಶ ಬಂದ ದಿನ ಮೊಮ್ಮಕ್ಕಳಿಬ್ಬರೂ, ನೀನೂ ನಿನ್ನ ತಮ್ಮನೂ, ನನ್ನ ಎರಡೂ ಪಕ್ಕ ಕುಳಿತು, ನಿನ್ನ ನೌಕರಿಯ ಬಗ್ಗೆ ಹೇಳು ಆಯಿ ಎಂದು ಗಂಟುಬಿದ್ದಿರಿ. ನಾನು ಚಹಾಕ್ಕೆ ಇಡುವ ನೆವ ಮಾಡಿ ಎದ್ದೆ. ಬಾಯಿಂದ ಹೇಳುವುದು ನನಗೆ ಆಗುವುದಿಲ್ಲ. ನಾಲ್ಕು ಜನ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿದರೆ ಗಂಟಲು ಕಟ್ಟುತ್ತದೆ. ಸಣ್ಣ ಮಕ್ಕಳ ಮುಂದೆ ಮಾತ್ರ ಹಾಗಾಗುತ್ತಿರಲಿಲ್ಲ; ಅದಕ್ಕೇ ಈ ಕೆಲಸದಲ್ಲಿ ಬದುಕಿಕೊಂಡೆ. ಬರೆದು ಕೊಡುತ್ತೇನೆ, ಇಬ್ಬರೂ ಓದಿಕೊಳ್ಳಿ. ಬಡ್ತಿಯ ವಿಷಯ ಇದರಲ್ಲಿಲ್ಲ. ಒಂದು ಹೊಟ್ಟೆಕಿಚ್ಚಿನ ಸಂಗತಿ ಇದೆ. ಅದನ್ನು ಬಿಟ್ಟು ಬರೆದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ನಾನು ಸಗರದ ಶಾಲೆಯಲ್ಲಿ ಓದಿದವಳು. ಅಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದನೆಯ ತರಗತಿಯಲ್ಲಿ, ಅದೂ ಕಲಿಸುವ ಮಾಸ್ತರರಿಗೇ ಅರ್ಧಮರ್ಧ. ಶಹಾಪುರದಲ್ಲಿ ಹೈಸ್ಕೂಲು, ಯಾದಗಿರಿಯಲ್ಲಿ ಟಿ.ಸಿ.ಎಚ್. ಮುಗಿಸಿ ನೌಕರಿಗೆ ಸೇರಿದೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಇನ್ನೂ ಇದ್ದಾರೆ.

ಮೊದಲ ವಾರ ನಾನು ಮಾಡಿದ ತಪ್ಪು ನಿನ್ನಿಂದಲೂ ಆದೀತು. ಹಾಜರಿ ಪುಸ್ತಕ ತೆಗೆದು "ದೇವಿಂದ್ರಪ್ಪ" ಎಂದು ಕೂಗಿದೆ. ಯಾರೂ ಓಗೊಡಲಿಲ್ಲ. ಎಂಟು ದಿನ ಅವನಿಗೆ ಗೈರುಹಾಜರಿ ಹಾಕಿದೆ. ಒಂಬತ್ತನೆಯ ದಿನ ಅವನ ತಾಯಿಯನ್ನು ಕರೆಸಿದರೆ, ಆಕೆ ಮುಂದಿನ ಸಾಲಿನಲ್ಲಿ ಮೂಗು ಸುರಿಸುತ್ತ ಕುಳಿತಿದ್ದವನನ್ನು ತೋರಿಸಿ ನಕ್ಕಳು.

"ಇವನ ರೀ ದೇವಿಂದ್ರಪ್ಪ. ಮನ್ಯಾಗ ಕರಿಯಾ ಅಂತೀವಿ. ತಾ ದೇವಿಂದ್ರಪ್ಪ ಅಂಬೂದು ಅವಗೇನ್ ಗೊತ್ತು?"

ನಮ್ಮ ಕಡೆ ಹೀಗೆಯೇ. ಕಪ್ಪಗಿದ್ದವನು ಕರಿಯಾ, ಕುಳ್ಳಗಿದ್ದವಳು ಗಿಡ್ಡಿ, ಕೆಂಪಗಿದ್ದವಳು ಕೆಂಚಿ. ಮೈಬಣ್ಣ, ಎತ್ತರ, ನಡೆಯುವ ರೀತಿ, ಯಾವುದು ಮೊದಲು ಕಣ್ಣಿಗೆ ಬೀಳುತ್ತದೋ ಅದೇ ಮನುಷ್ಯನಾಗಿಬಿಡುತ್ತದೆ. ನೀನು ಹೋದ ಊರಿನಲ್ಲಿ ಮೊದಲು ಮನೆಯ ಹೆಸರುಗಳನ್ನು ಕೇಳಿಕೊ, ಆಮೇಲೆ ಹಾಜರಿ ಕೂಗು.

ನೌಕರಿಗೆ ಸೇರಿದ ನಾಲ್ಕನೆಯ ವರ್ಷ ನಿಮ್ಮ ಅಜ್ಜ ಜ್ವರದಲ್ಲಿ ತೀರಿಕೊಂಡರು. ಹದಿನೈದು ದಿನದ ಮೇಲೆ ಶಾಲೆಗೆ ಹೋದರೆ, ಬೆಳಿಗ್ಗೆ ಹೊಲಕ್ಕೆ ಹೊರಟವರು ನನ್ನನ್ನು ಕಂಡು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. ನಾನು ದಾಟಿದ ಮೇಲೆ ಮುಂದೆ ಹೋಗುತ್ತಿದ್ದರು. ಕೆಟ್ಟವರೇನಲ್ಲ, ರೂಢಿ ಹಾಗಿತ್ತು. ಆ ವರ್ಷವೇ ನನಗೆ ಒಂದನೆಯ ತರಗತಿ ಕೊಟ್ಟರು. ಆರು ವರ್ಷದ ಮಕ್ಕಳಿಗೆ ವಿಧವೆ ಅಂದರೇನು ಗೊತ್ತಿರಲಿಲ್ಲ. ನಾನು ದೂರದಲ್ಲಿ ಕಂಡರೆ ಸಾಕು, ಓಡಿ ಬಂದು ಸೀರೆ ಹಿಡಿದು ಜಗ್ಗುತ್ತಿದ್ದರು. ಬೆಳಗಾದರೆ ನನ್ನ ಮುಖ ನೋಡಬೇಕೆಂದು ಕಾಯುವವರು ಊರಲ್ಲಿ ಅವರಷ್ಟೇ. ಹದಿನಾರು ವರ್ಷ ಆ ತರಗತಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

ಆಗ ಕಲಿಸುವ ಪದ್ಧತಿ ಬಾಯಿಪಾಠದ್ದು. ನಾನು ಒಂದು ಸಲ ಹೇಳುವುದು, ನಲವತ್ತು ಮಕ್ಕಳು ಒಂದೇ ದನಿಯಲ್ಲಿ ಮೂರು ಸಲ ಕೂಗುವುದು. ನಮ್ಮ ಕಾಗುಣಿತ ಬಸ್ಸಿಗೆ ನಿಂತವರಿಗೂ ಕೇಳಿಸುತ್ತಿತ್ತು. ಹೆಡ್ ಮಾಸ್ತರ್ ಸಿದ್ದಣ್ಣನವರು ಸಹಿ ಮಾಡುವ ಕೈ ನಿಲ್ಲಿಸಿ ಕೇಳಿ, "ಸಾಲಿ ನಡದದ ಅಂತ ಊರಿಗೆ ಗೊತ್ತಾಗೂದು ನಿಮ್ಮಿಂದ್ಲೇ ಶರಣಮ್ಮಾರ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ಒಳಗೊಳಗೆ ಹಿಗ್ಗುತ್ತಿದ್ದೆ.

ಒಂದನೆಯ ತರಗತಿಯಲ್ಲಿ ನನ್ನ ಹದಿನಾರನೆಯ ವರ್ಷ ಕಸ್ತೂರಿ ಬಂದಳು. ರಾಯಚೂರಿನಲ್ಲಿ ಕಾನ್ವೆಂಟ್ ಓದಿದವಳು, ನನಗಿಂತ ಹದಿನೈದು ವರ್ಷ ಸಣ್ಣವಳು. ಮೊದಲ ದಿನವೇ ಕೋಣೆಯ ಮೂಲೆಯಲ್ಲಿದ್ದ ಸೀಮೆಸುಣ್ಣದ ಡಬ್ಬಿ ಸುರುವಿ, ತುಂಡುಗಳನ್ನು ಉದ್ದದ ಪ್ರಕಾರ ಜೋಡಿಸಿದಳು. ಹಲಗೆ ಒರೆಸಿದರೆ ಮೇಲಿನಿಂದ ಕೆಳಕ್ಕೇ ಒರೆಸಬೇಕು. ಅಡ್ಡ ಒರೆಸಿದರೆ ಎದ್ದು ಬಂದು ಮತ್ತೊಮ್ಮೆ ಒರೆಸುವಳು. ಮಕ್ಕಳು ಊಟಕ್ಕೆ ಮೊದಲು ಎರಡು ಸಲ ಕೈ ತೊಳೆಯಬೇಕು, ಅಂಗೈ ಅಲ್ಲ, ಉಗುರುಸಂದಿ ತೋರಿಸಬೇಕು. ಸಂಜೆ ಕೀಲಿ ಹಾಕಿ ಹತ್ತು ಹೆಜ್ಜೆ ಹೋಗಿ ಮತ್ತೆ ಬಂದು ಬೀಗ ಜಗ್ಗಿ ನೋಡುವಳು. ಬಿಸಿಯೂಟದ ಅಡುಗೆಯವರು ಅವಳ ಬೆನ್ನ ಹಿಂದೆ "ನಾಜೂಕಿನಾಕಿ ಬಂದಾಳ" ಎಂದು ಮುಸಿಮುಸಿ ನಗುತ್ತಿದ್ದರು. ನನಗೂ ನಗು ಬರುತ್ತಿತ್ತು. ಆದರೆ ಅವಳ ಅಕ್ಷರ ಕಂಡಾಗ ನಗು ನಿಲ್ಲುತ್ತಿತ್ತು. ಹಲಗೆಯ ಮೇಲೆ ಅವಳು ಬರೆದರೆ ಪುಸ್ತಕ ಅಚ್ಚಾದ ಹಾಗೆ. ನಾನು ಬರೆದ ಸಾಲು ಮಾತ್ರ ಎಂದಿನಂತೆ ಬಲಗಡೆ ಏರುತ್ತ ಹೋಗುತ್ತಿತ್ತು. ಅದು ಏರುತ್ತದೆಂದು ನನಗೆ ತಿಳಿದದ್ದೇ ಅವಳು ಬಂದ ಮೇಲೆ.

ಅದೇ ಕಾಲಕ್ಕೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸಬೇಕೆಂದು ಆದೇಶ ಬಂತು. ಸುರಪುರದಲ್ಲಿ ಹತ್ತು ದಿನ ತರಬೇತಿ. ನಾನೂ ಕಸ್ತೂರಿಯೂ ಹೋದೆವು. ಅವಳು ಮುಂದಿನ ಬೆಂಚು, ನಾನು ಕಂಬದ ಮರೆ.

ತರಬೇತಿ ಕೊಡಲು ಬಂದವನು ಚುರುಕಾದ ಹುಡುಗ. ಒಂದು ದಿನ ಮನುಷ್ಯರ ಗುಣ ಹೇಳುವ ಪದಗಳ ಪಾಠ. ಇಂಗ್ಲಿಷಿನಲ್ಲಿ ಗುಣದ ಮುಂದೆ 'ದಿ' ಹಚ್ಚಿದರೆ ಅಂಥವರ ಇಡೀ ಗುಂಪೇ ಎದ್ದು ನಿಲ್ಲುತ್ತದೆ ಎಂದ: ದಿ ರಿಚ್ ಅಂದರೆ ಸಿರಿವಂತರೆಲ್ಲ, ದಿ ಪೂರ್ ಅಂದರೆ ಬಡವರೆಲ್ಲ. ಹುಣಸಗಿ ಕಡೆಯ ಹಿರಿಯ ಮಾಸ್ತರರೊಬ್ಬರು ಎದ್ದು, ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುವವರಿಗೆ, ಇಟ್ಟದ್ದನ್ನೇ ಮತ್ತೆ ಸರಿಮಾಡಿ ಇಡುವವರಿಗೆ ಏನನ್ನುತ್ತಾರೆ ಎಂದು ಕೇಳಿದರು. ಅವರ ಹೆಂಡತಿ ಅಂಥವಳಂತೆ. ಎಲ್ಲರೂ ನಕ್ಕರು. ಹುಡುಗ ಹಲಗೆಯ ಮೇಲೆ ಬರೆದ: ಫಸ್ಸಿ, ಪಿಕ್ಕಿ, ಪರ್ಟಿಕ್ಯುಲರ್.

"ನಮ್ಮ ಕಡೆ ಗಿಡ್ಡ ಇದ್ದಾಕಿನ್ನ ಗಿಡ್ಡಿ ಅಂದಂಗ, ಒಬ್ಬಾಕಿನ್ನ ಹಿಡಿದು 'ಎ ಫಸ್ಸಿ' ಅನ್ನಾಕ ಬರಂಗಿಲ್ಲರಿ. 'ಶಿ ಈಸ್ ಫಸ್ಸಿ', ಅಷ್ಟ. ಅದು ಗುಣ. ಅದಕ್ಕ ಕೈಕಾಲು ಇರಂಗಿಲ್ಲ" ಎಂದ.

ನನಗೆ ಆ ನಿಯಮ ಹಿಡಿಸಲಿಲ್ಲ. ಗುಣಕ್ಕೆ ಕೈಕಾಲು ಇದ್ದೇ ಇರುತ್ತವೆ. ಎರಡು ಬೆಂಚು ಮುಂದೆ ಕುಳಿತು ಅಡಿಗೋಲು ಹಿಡಿದು ಗೆರೆ ಎಳೆಯುತ್ತಿದ್ದಳಲ್ಲ! ನನ್ನ ನೋಟುಬುಕ್ಕಿನಲ್ಲಿ 'ಎ ಫಸ್ಸಿ' ಎಂದು ಬರೆದು ಪಕ್ಕಕ್ಕೆ 'ಕಸ್ತೂರಿ' ಎಂದು ಬರೆದೆ. ಹತ್ತು ದಿನದಲ್ಲಿ ನಾನು ಸಂತೋಷದಿಂದ ಕಲಿತ ಇಂಗ್ಲಿಷ್ ಅದೊಂದೇ.

ತಿರುಗಿ ಬಂದ ಮರುದಿನ ಸಿದ್ದಣ್ಣನವರು ನನ್ನನ್ನು ಕರೆದು, ಒಂದನೆಯ ತರಗತಿ ಇನ್ನು ಕಸ್ತೂರಿಗೆ, ನಿಮಗೆ ನಾಲ್ಕನೆಯದು ಎಂದರು. ಇಂಗ್ಲಿಷ್ ಅವಳಿಗೆ ಚೆನ್ನಾಗಿ ಬರುತ್ತದೆ, ತಪ್ಪು ತಿಳಿಯಬೇಡಿ ಎಂದರು. ನಾನು ಹೂಂ ಎಂದೆ. ಹೂಂ ಎನ್ನುವುದು ಬಿಟ್ಟು ಹಿರಿಯರೆದುರು ನನಗೆ ಬೇರೆ ಮಾತು ಬರುತ್ತಿರಲಿಲ್ಲ. ವಾರ ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಮಕ್ಕಳು ಗೇಟಿನತ್ತ ಓಡಿದವು. ನಾನು ಸೀರೆಯ ಸೆರಗು ಸರಿಮಾಡಿಕೊಂಡು ನಿಂತೆ. ಅವು ನನ್ನನ್ನು ದಾಟಿ, ಹಿಂದಿನಿಂದ ಬರುತ್ತಿದ್ದ ಕಸ್ತೂರಿಯ ಹತ್ತಿರ ಹೋಗಿ ಉಗುರು ತೋರಿಸಲು ಕೈ ಚಾಚಿ ನಿಂತವು. ಒಣಮೆಣಸಿನಕಾಯಿ ಸುಟ್ಟ ಮನೆಯಲ್ಲಿ ಕುಳಿತ ಹಾಗೆ ಕಣ್ಣು, ಗಂಟಲು, ಹೊಟ್ಟೆ ಎಲ್ಲ ಉರಿಯಿತು.

ಆ ಉರಿಯಲ್ಲಿ ನಾನು ಮಾಡಿದ್ದು ಇಷ್ಟು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಕಸ್ತೂರಿ ಬರುತ್ತಿರುವುದು ಕಂಡರೆ ನನ್ನ ನಾಲ್ಕನೆಯ ತರಗತಿಯವರಿಗೆ, "ಸಾಲಾಗಿ ಕೂಡ್ರಿ, ಫಸ್ಸಿ ಬಂದಳು" ಎಂದು ಮೆಲ್ಲಗೆ ಹೇಳುತ್ತಿದ್ದೆ. ಮಕ್ಕಳು ನಗುತ್ತಿದ್ದರು. ದೊಡ್ಡವರ ಎದುರು ಏಳದ ನನ್ನ ನಾಲಿಗೆ ಅಲ್ಲಿ ಎದ್ದಿತ್ತು. ನನ್ನ ತರಗತಿಯವರ ತಮ್ಮ ತಂಗಿಯರೆಲ್ಲ ಒಂದನೆಯದರಲ್ಲಿದ್ದರು. ವಾರದಲ್ಲಿ ಆ ಹೆಸರು ಊರು ಸೇರಿತು. ಕಿರಾಣಿ ಅಂಗಡಿಯಲ್ಲಿಯೂ 'ಫಸ್ಸಿ ಟೀಚರ್' ಎನ್ನತೊಡಗಿದರು. ಅದರ ಅರ್ಥ ಯಾರಿಗೂ ಗೊತ್ತಿರಲಿಲ್ಲ. ಆದರೆ ಕಸ್ತೂರಿಯನ್ನು ನೋಡಿದವರಿಗೆ ಅರ್ಥ ಹೇಳಬೇಕಾಗಿಯೂ ಇರಲಿಲ್ಲ.

ಒಂದು ದಿನ ಮುನ್ಸೂಚನೆಯಿಲ್ಲದೆ ಮೇಲಧಿಕಾರಿಗಳ ಜೀಪು ಬಂತು. ಅವರು ಒಂದನೆಯ ತರಗತಿಗೇ ನೇರವಾಗಿ ಹೋದರು. ಸಿದ್ದಣ್ಣನವರು ನಮ್ಮನ್ನೆಲ್ಲ ಅಲ್ಲಿಗೆ ಕರೆದರು. ನಾನು ಬಾಗಿಲ ಹತ್ತಿರ ನಿಂತೆ. ಅಧಿಕಾರಿ ಮಕ್ಕಳನ್ನು ಇಂಗ್ಲಿಷಿನಲ್ಲಿ ಕೇಳಿದರು: "ಹೂ ಈಸ್ ಯುವರ್ ಟೀಚರ್?"

ಮಕ್ಕಳು ಕಸ್ತೂರಿಯತ್ತ ಕೈ ಮಾಡಿ, ನಾನು ಕಲಿಸಿದ ಕಾಗುಣಿತದ ದನಿಯಲ್ಲಿ, 'ದಿಸ್ ಈಸ್ ಎ ಬುಕ್' ಎಂದು ಕಲಿತ ಮಾದರಿಯಲ್ಲೇ, ಬಸ್ಸಿಗೆ ನಿಂತವರಿಗೂ ಕೇಳಿಸುವಂತೆ ಕೂಗಿದರು: "ಶಿ ಈಸ್ ಎ ಫಸ್ಸಿ!"

ಸಿದ್ದಣ್ಣನವರ ಮುಖ ಬೂದಿಯಾಯಿತು. ಕಸ್ತೂರಿಯ ಕಿವಿಗಳು ಕೆಂಪಾದವು. ನನಗೆ ಹೆದರಿಕೆಯಾಯಿತು, ಹೆದರಿಕೆಯ ತಳದಲ್ಲಿ, ಸುಳ್ಳು ಹೇಳುವುದಿಲ್ಲ ಮಗಾ, ಸಂತೋಷವೂ ಇತ್ತು. ಇನ್ನು ಇವಳಿಗೆ ಈ ತರಗತಿ ಉಳಿಯುವುದಿಲ್ಲ, ನನಗೆ ತಿರುಗಿ ಬರುತ್ತದೆ ಅಂದುಕೊಂಡೆ.

ಕಸ್ತೂರಿ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಆ ವಾಕ್ಯ ಬರೆದು, ನಡುವಿನ ಹೆಚ್ಚಿನ 'ಎ' ಅಕ್ಷರ ಒರೆಸಿದಳು. ಒರೆಸಿದ ಜಾಗ ಖಾಲಿ ಕಾಣುತ್ತಿತ್ತೆಂದು ಇಡೀ ಸಾಲು ಅಳಿಸಿ ಮತ್ತೆ ಬರೆದಳು. "ಶಿ ಈಸ್ ಫಸ್ಸಿ. ಹೇಳ್ರಿ" ಎಂದಳು. ಮಕ್ಕಳು ಮೂರು ಸಲ ಹೇಳಿದರು. ತನ್ನ ಮೇಲಿನ ಬೈಗುಳವನ್ನು ಅವಳು ನುಂಗಿಕೊಂಡಳು, ತಪ್ಪನ್ನು ಮಾತ್ರ ನುಂಗಲಿಲ್ಲ.

ಅಧಿಕಾರಿ ಹೊಟ್ಟೆ ಹಿಡಿದು ನಕ್ಕರು. ಸರ್ಕಾರಿ ಶಾಲೆಯ ಒಂದನೆಯ ತರಗತಿಯವರು ಟೀಚರಿಗೆ ಅಂಜದೆ ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಹೇಳುವುದನ್ನು ಇವತ್ತೇ ನೋಡಿದೆ ಎಂದು ಭೇಟಿ ಪುಸ್ತಕದಲ್ಲಿ ಬರೆದು ಹೋದರು. ನಾನು ಎರಚಿದ ಕೆಸರು ಅವಳಿಗೆ ಗಂಧವಾಯಿತು.

ಸಂಜೆ ಎಲ್ಲರೂ ಹೋದ ಮೇಲೆ ಕಸ್ತೂರಿ ನನ್ನ ತರಗತಿಗೆ ಬಂದಳು. ಬಾಗಿಲಲ್ಲೇ ನಿಂತು ಕೇಳಿದಳು.

"ಅಕ್ಕಾರ, ಆ ಹೆಸರು ನೀವು ಇಟ್ಟದ್ದು, ಅಲ್ಲರಿ? ತರಬೇತ್ಯಾಗ ಆ ಶಬ್ದ ಕೇಳಿದವರು ಈ ಸಾಲ್ಯಾಗ ನಾವಿಬ್ಬರ."

ನಾನು ಹೂಂ ಎಂದೆ.

"ಮನ್ಯಾಗ ನಮ್ಮ ಅತ್ತಿ ಹುಚ್ಚಿ ಅಂತ ಇಟ್ಟಾರ. ಇಲ್ಲಿ ನೀವು ಇಟ್ರಿ. ನಾ ಬೇಕಂತ ಮಾಡಂಗಿಲ್ಲರಿ. ಒಂದು ತುಂಡು ಜಾಗಾ ತಪ್ಪಿದ್ರ ಎದಿ ಡವಡವ ಅಂತದ. ಕೀಲಿ ಮೂರು ಸಲ ನೋಡದಿದ್ರ ಬಸ್ ಹತ್ತಾಕ ಕಾಲು ಬರಂಗಿಲ್ಲ. ಎಲ್ಲಾ ಕಡೆ ಇದು ರೋಗ. ಈ ಸಣ್ಣ ಹುಡುಗ್ರಾಗ ಮಾತ್ರ ಇದು ಉಪಯೋಗಕ್ಕ ಬಂದದ."

ಅಷ್ಟು ಹೇಳಿ ಹೊರಟಳು. ಹೋಗುವಾಗ ನನ್ನ ಮೇಜಿನ ಮೇಲಿನ ಹಾಜರಿ ಪುಸ್ತಕವನ್ನು ಮೇಜಿನ ಅಂಚಿಗೆ ಸರಿಯಾಗಿ ಕೂಡಿಸಿ ಹೋದಳು. ಅಷ್ಟು ದುಃಖದಲ್ಲಿಯೂ! ನನಗೆ ಕನಿಕರ ಬರಬೇಕಾಗಿತ್ತು. ಸಿಟ್ಟು ಬಂತು.

ಆದರೆ ಊರಿನವರು ಅಧಿಕಾರಿಗಳ ಹಾಗೆ ನಗಲಿಲ್ಲ. ಮಕ್ಕಳು ಟೀಚರಿಗೇ ಹೆಸರಿಟ್ಟು ಕರೆಯುತ್ತಾರೆಂದರೆ ಶಾಲೆಯಲ್ಲಿ ಮರ್ಯಾದೆ ಎಲ್ಲಿದೆ ಎಂದು ಶಾಲಾ ಸಮಿತಿಯ ಅಧ್ಯಕ್ಷ ಸಾಬಣ್ಣ ಬಂದು ಕುಳಿತ. ಕೈ ತೊಳೆಸಿ ತೊಳೆಸಿ ಮಕ್ಕಳ ಚರ್ಮ ಸುಲಿಯುತ್ತಾಳೆ ಎಂದ. ಕೊನೆಗೆ, "ಹಳೇ ಟೀಚರನ್ನ ಕೊಡ್ರಿ. ಅವರಿದ್ದಾಗ ಪಾಠ ಮನೀತನಕ ಕೇಳತಿತ್ತು" ಎಂದ. ಸಿದ್ದಣ್ಣನವರು ನನ್ನ ಕಡೆ ತಿರುಗಿ, ನೀವು ಒಪ್ಪಿದರೆ ದಸರಾ ರಜೆ ಮುಗಿದ ಮೇಲೆ ಒಂದನೆಯದು ಮತ್ತೆ ನಿಮಗೇ ಎಂದರು.

ಒಂದು ಹೂಂ ಸಾಕಾಗಿತ್ತು. ಜೀವಮಾನವಿಡೀ ಹೂಂ ಅಂದವಳಿಗೆ ಆ ದಿನ ಅದು ಹೊರಡಲಿಲ್ಲ. ಎರಡು ದಿನ ಬಿಟ್ಟು ಹೇಳುತ್ತೇನೆ ಎಂದೆ. ನಾಚಿಕೆ ಎಂದು ಅವರು ತಿಳಿದರು. ಗೆಲುವನ್ನು ಎರಡು ದಿನ ಕೈಯಲ್ಲಿ ಹಿಡಿದು ನೋಡುವ ಆಸೆ ನನ್ನದು.

ಮರುದಿನ ಕಸ್ತೂರಿಯ ಮಗುವಿಗೆ ಜ್ವರ, ಅವಳು ರಜೆ. ಅವಳ ತರಗತಿಗೆ ನಾನು ಹೋದೆ. ಅಷ್ಟರಲ್ಲಿ ಪದ್ಧತಿ ಬದಲಾಗಿ ನಲಿ-ಕಲಿ ಬಂದಿತ್ತು. ಅದರಲ್ಲಿ ಎಲ್ಲರೂ ಒಟ್ಟಿಗೆ ಕೂಗುವುದಿಲ್ಲ. ಗೋಡೆಯ ಮೇಲೆ ಏಣಿಯ ಚಿತ್ರ, ಒಂದೊಂದು ಮೆಟ್ಟಿಲಿಗೆ ಒಂದೊಂದು ಗುರುತು. ಟ್ರೇಗಳಲ್ಲಿ ಅದೇ ಗುರುತಿನ ಕಾರ್ಡುಗಳು. ಮಗು ತಾನು ಯಾವ ಮೆಟ್ಟಿಲಲ್ಲಿದೆಯೋ ಆ ಕಾರ್ಡು ತೆಗೆದುಕೊಂಡು ತನ್ನ ಪಾಡಿಗೆ ಕಲಿಯಬೇಕು. ಬೇರೆ ತರಗತಿಗಳಲ್ಲಿ ಹದಿನೈದು ದಿನದಲ್ಲಿ ಕಾರ್ಡು ಕಲಸಿಹೋಗಿದ್ದವು. ಕಸ್ತೂರಿ ದಿನಾ ಸಂಜೆ ಅರ್ಧ ಗಂಟೆ ಕುಳಿತು ಅವನ್ನು ಜೋಡಿಸುತ್ತಿದ್ದಳು. ಬಸ್ಸು ತಪ್ಪಿಸಿಕೊಂಡಾದರೂ ಸರಿ. ಅದನ್ನು ಕಂಡು ನಾವೆಲ್ಲ ನಗುತ್ತಿದ್ದೆವು.

ಹತ್ತು ಗಂಟೆಯ ಹೊತ್ತಿಗೆ ಕುರಿಗಾರರ ಹುಡುಗ ಮೌನೇಶ ಬಾಗಿಲಲ್ಲಿ ನಿಂತ. ಅವರ ಮನೆಯವರು ಕುರಿ ಹೊಡೆದುಕೊಂಡು ತಿಂಥಣಿಯ ಕಡೆ ಹೊಳೆದಂಡೆಯ ಹೊಲಗಳಿಗೆ ಹೋಗಿ ಒಂದೂವರೆ ತಿಂಗಳಾಗಿತ್ತು. ಇಂಥ ಮಕ್ಕಳು ತಿರುಗಿ ಬಂದಾಗ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು: ಹಿಂದಿನ ಗೋಡೆಗೆ ಆನಿಕೊಂಡು ಕೂರುತ್ತವೆ. ನಾನು ಜಾಗ ತೋರಿಸುವ ಮೊದಲೇ ಅವನು ಒಳಗೆ ಬಂದು ಗೋಡೆಯ ಏಣಿಯ ಮೇಲೆ ಬೆರಳಿಟ್ಟ, ಮೆಲ್ಲಗೆ ಏರಿಸುತ್ತ ಹೋಗಿ ಒಂದು ಹಕ್ಕಿಯ ಗುರುತಿನ ಹತ್ತಿರ ನಿಲ್ಲಿಸಿದ. ಟ್ರೇಗೆ ಹೋದ. ನೋಡದೆಯೇ ಕೈ ಹಾಕಿ ಕಾರ್ಡು ತೆಗೆದ. ಅದೇ ಹಕ್ಕಿ. ಕುಳಿತು ಓದತೊಡಗಿದ, ನಿನ್ನೆ ಮಧ್ಯಾಹ್ನ ಬಿಟ್ಟು ಹೋದವನ ಹಾಗೆ.

"ಯಾರು ಹೇಳಿದರೋ ನಿನಗ, ಅದು ಅಲ್ಲೇ ಅದ ಅಂತ?" ಎಂದು ಕೇಳಿದೆ.

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಯಿತು. "ಅದರ ಜಾಗಾ ಅಲ್ಲೇ ಅದಲ್ರಿ ಟೀಚರ್" ಎಂದ.

ಆಮೇಲೆ ಅವತ್ತು ನಾನು ಪಾಠ ಮಾಡಲಿಲ್ಲ. ನಿಮ್ಮ ಅಜ್ಜನ ಮನೆಯವರು ಕಕ್ಕೇರಾದ ಕುರಿಗಾರರು. ನನ್ನ ಮೈದುನನ ಮಗನೇ ನನ್ನ ಹತ್ತಿರ ಇದ್ದು ನನ್ನ ತರಗತಿಯಲ್ಲಿ ಓದುತ್ತಿದ್ದ. ತಿಂಗಳುಗಟ್ಟಲೆ ಮಂದೆಯ ಜೊತೆ ಹೋಗಿ ಬರುತ್ತಿದ್ದ. ನಲವತ್ತು ಮಕ್ಕಳ ಕೂಗಿನ ನಡುವೆ ಅವನೂ ಬಾಯಿ ಆಡಿಸುತ್ತಿದ್ದ. ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ. ನನಗೆ ಅದು ಕಾಣುತ್ತಿತ್ತು. ಬಸ್ಸಿಗೆ ನಿಂತವರಿಗೆ ಕೇಳಿಸುತ್ತಿದೆಯಲ್ಲ ಎಂದು ಮುಂದಕ್ಕೆ ಹೋಗುತ್ತಿದ್ದೆ. ಅವನು ನಾಲ್ಕನೆಯದರಲ್ಲಿ ಶಾಲೆ ಬಿಟ್ಟ. ಈಗಲೂ ಬಸ್ಸಿನ ಬೋರ್ಡು ಓದಿಸಲು ಪಕ್ಕದವರನ್ನು ಕೇಳುತ್ತಾನೆ. ಹದಿನಾರು ವರ್ಷದಲ್ಲಿ ಅಂಥವರು ಎಷ್ಟು ಜನವೋ. ಒಬ್ಬನಿಗೂ ನಾನು ಅವನು ಬಿಟ್ಟುಹೋದ ಜಾಗ ಕಾಯ್ದಿಡಲಿಲ್ಲ. ಕಸ್ತೂರಿ ಕಾಯ್ದಿಟ್ಟಿದ್ದಳು, ಎದೆ ಡವಡವ ಅನ್ನುತ್ತದೆ ಎಂಬ ಒಂದೇ ಕಾರಣಕ್ಕೆ.

ಅದರಿಂದ ನನ್ನ ಹೊಟ್ಟೆಕಿಚ್ಚು ಆರಿತು ಎಂದು ತಿಳಿಯಬೇಡ. ಅದು ಇನ್ನೂ ಜೋರಾಯಿತು. ಅವಳ ಇಂಗ್ಲಿಷ್, ಅವಳ ಅಕ್ಷರ ಕಂಡು ಉರಿದದ್ದು ಏನೂ ಅಲ್ಲ. ಆ ಹುಡುಗ ನೋಡದೆ ಕೈ ಹಾಕಿದನಲ್ಲ, ಅದಕ್ಕೆ ಉರಿದದ್ದೇ ಉರಿ.

ಎರಡನೆಯ ದಿನ ಸಿದ್ದಣ್ಣನವರ ಹತ್ತಿರ ಹೋದೆ. ಸಾಬಣ್ಣನೂ ಕುಳಿತಿದ್ದ. ಇಬ್ಬರೂ ನನ್ನನ್ನೇ ನೋಡಿದರು. ಆದರೂ ಹೇಳಿದೆ.

"ಒಂದನೆತ್ತಿ ಕಸ್ತೂರಿ ಕಡೀನೇ ಇರಲಿ ಸರ್. ಆ ಹೆಸರು ಹುಡುಗ್ರು ಇಟ್ಟದ್ದಲ್ಲ, ನಾ ಇಟ್ಟೀನಿ. ನನಗ ಎರಡನೆತ್ತಿ ಕೊಡ್ರಿ, ಆಕಿ ಕಳಿಸಿದ ಹುಡುಗ್ರನ್ನ ನಾ ನೋಡಿಕೋತೀನಿ."

ಸಾಬಣ್ಣ ಬಾಯಿ ತೆರೆದು ನನ್ನನ್ನು ನೋಡಿದ. ನಾನು ಆ ಊರಿನಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಸಿದ್ದಣ್ಣನವರು ಬೈಯಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು, ಹಾಗೇ ಆಗಲಿ ಎಂದರು.

ನಿವೃತ್ತಿಯವರೆಗೆ ಎರಡನೆಯ ತರಗತಿ ನನ್ನದಾಯಿತು. ಪ್ರತಿ ಜೂನಿನಲ್ಲಿ ಕಸ್ತೂರಿಯ ಮಕ್ಕಳು ನನ್ನ ಬಾಗಿಲಿಗೆ ಬಂದು, ತಿಂಗಳುಗಟ್ಟಲೆ ಪಕ್ಕದ ಕೋಣೆಯನ್ನೇ ಇಣುಕಿ ನೋಡುತ್ತಿದ್ದವು. ಕಾರ್ಡು ಜೋಡಿಸುವುದನ್ನು ನಾನೂ ಕಲಿತೆ, ಅವಳಷ್ಟು ಬರಲಿಲ್ಲ. ಅವಳ ಹತ್ತಿರ ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಬಾಗಿಲ ತನಕ ಹೋಗಿ ತಿರುಗಿ ಬಂದಿದ್ದೇನೆ. ಆ ಹೆಸರು ಮಾತ್ರ ಅವಳಿಗೆ ಅಂಟಿಕೊಂಡಿತು. ಬರಬರುತ್ತ ಊರಿನವರು ಅದನ್ನು ಬೈಗುಳದ ಹಾಗೆ ಅನ್ನದೆ, ನಮ್ಮ ಫಸ್ಸಿ ಟೀಚರ್ ಎಂದು ಮನೆಯ ಮಗಳ ಹಾಗೆ ಅನ್ನತೊಡಗಿದರು.

ಹೋದ ತಿಂಗಳು ಶಹಾಪುರದ ಆಸ್ಪತ್ರೆಗೆ ಬಿಪಿ ತೋರಿಸಲು ಹೋಗಿದ್ದೆನಲ್ಲ, ಅಲ್ಲಿನ ನರ್ಸು ಇಪ್ಪತ್ತೈದರ ಆಸುಪಾಸಿನ ಹುಡುಗಿ. ನನ್ನ ತೋಳಿಗೆ ಪಟ್ಟಿ ಸುತ್ತಿ, ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಸುತ್ತಿದಳು. ಯಾವ ಊರು ಎಂದು ಕೇಳಿದಾಗ ನಾನು ನೌಕರಿ ಮಾಡಿದ ಊರನ್ನೇ ಹೇಳಿದೆ; ಆ ಊರಿನ ಶಾಲೆಯಲ್ಲಿಯೇ ತಾನು ಓದಿದ್ದು ಎಂದಳು.

"ಫಸ್ಸಿ ಟೀಚರ್ ಕೈಯಾಗ ಕಲತೀನ್ರಿ ಅಮ್ಮಾ. ಇವತ್ತಿಗೂ ಗುಳಿಗಿ ಡಬ್ಬಿ ಸರಿ ಇಡದಿದ್ರ ಅವರು ಹಿಂದ ನಿಂತಂಗ ಆಗತದ."

ಎರಡನೆಯ ತರಗತಿಯಲ್ಲಿ ಯಾರಿದ್ದರವ್ವಾ ನಿನಗೆ ಎಂದು ಕೇಳಿದೆ. ಅವಳು ಯೋಚಿಸಿದಳು. ಪ್ರಾಮಾಣಿಕವಾಗಿಯೇ ಯೋಚಿಸಿದಳು.

"ಯಾರೋ ಒಬ್ಬರು ಇದ್ದರ್ರಿ. ಸುಮ್ಮ ಇರ್ತಿದ್ರು. ಹೆಸರು ನೆನಪಾಗವಲ್ಲದು."

ಅವಳು ಮಾಪಕ ನೋಡಿ ಹುಬ್ಬು ಗಂಟಿಕ್ಕಿದಳು. ಭಾಳ ಜಾಸ್ತಿ ತೋರಿಸುತ್ತಿದೆ, ಏನಾದರೂ ಚಿಂತೆ ಮಾಡುತ್ತಿದ್ದೀರೇನು ಎಂದು ಕೇಳಿದಳು. ಇಲ್ಲವೆಂದೆ. ಪಟ್ಟಿ ಬಿಚ್ಚಿ, ಎರಡು ನಿಮಿಷ ಬಿಟ್ಟು ಮತ್ತೆ ನೋಡಿದಳು. ಅದಕ್ಕೂ ಸಮಾಧಾನವಾಗದೆ ಇನ್ನೊಂದು ತೋಳಿಗೆ ಸುತ್ತಿ ಮೂರನೆಯ ಸಲ ನೋಡಿದಳು.

ಮೂರನೆಯ ಸಲವೂ ಅಷ್ಟೇ ಬಂತು.